ಕಟ್ಟುವ ಮುನ್ನ ನೆಲದ ಎತ್ತರ ಅಳೆಯುವುದೇಕೆ? ಟೋಪೊಗ್ರಾಫಿಕಲ್ ಸರ್ವೆಯ ವಿವರ

ಜಾಗ ಕೊಂಡು ಕಟ್ಟಡದ ನಕ್ಷೆ ಬರೆಸಲು ಹೋದವರಿಗೆ ವಾಸ್ತುಶಿಲ್ಪಿಯಾಗಲಿ ಎಂಜಿನಿಯರ್ ಆಗಲಿ ಮೊದಲಿಗೆ ಕೇಳುವ ಕಾಗದಗಳಲ್ಲಿ ಟೋಪೊಗ್ರಾಫಿಕಲ್ ಸರ್ವೆಯ ನಕ್ಷೆಯೂ ಒಂದು. ಉದ್ದ, ಅಗಲ, ಚಕ್ಕುಬಂದಿಗಳೆಲ್ಲ ಕ್ರಯಪತ್ರದಲ್ಲೇ ನಮೂದಾಗಿರುವಾಗ, ಅಳೆದು ಕಲ್ಲು ನೆಟ್ಟ ಜಾಗವನ್ನೇ ಮತ್ತೆ ಅಳೆಸುವುದೇಕೆ ಎಂಬ ಪ್ರಶ್ನೆ ಆಗ ಏಳುವುದು ಸಹಜ. ಕ್ರಯಪತ್ರದಲ್ಲಿ ಇಲ್ಲದ ಒಂದು ಅಳತೆ ಈ ಸರ್ವೆಯಲ್ಲಿ ಸಿಗುತ್ತದೆ. ಅದು ನೆಲದ ಎತ್ತರ. ಜಾಗದ ಯಾವ ಮೂಲೆ ಮೇಲಿದೆ, ಯಾವುದು ತಗ್ಗಿನಲ್ಲಿದೆ, ನಡುವೆ ಎಲ್ಲಿ ಉಬ್ಬಿದೆ, ಮಳೆನೀರು ಎತ್ತ ಹರಿಯುತ್ತದೆ ಎಂಬುದನ್ನೆಲ್ಲ ಅಂಕಿಗಳಲ್ಲಿ ಹಿಡಿದು, ಅಲ್ಲಿರುವ ಮರ, ಗೋಡೆ, ಕಂಬ, ಚರಂಡಿಗಳ ಸಮೇತ ಒಂದೇ ನಕ್ಷೆಯಲ್ಲಿ ತೋರಿಸುವ ಅಳತೆಯೇ ಟೋಪೊಗ್ರಾಫಿಕಲ್ ಸರ್ವೆ. ಗ್ರೀಕ್ ಭಾಷೆಯಲ್ಲಿ ‘ಟೋಪೋಸ್’ ಎಂದರೆ ಸ್ಥಳ, ‘ಗ್ರಾಫೀನ್’ ಎಂದರೆ ಬರೆಯುವುದು. ಸ್ಥಳವನ್ನು ಇದ್ದ ಹಾಗೆ ಬರೆದಿಡುವುದು ಎಂದು ಒಟ್ಟು ಅರ್ಥ. ಕೆಲಸ ಮಾಡುವವರ ಬಾಯಲ್ಲಿ ಅದು ‘ಟೋಪೊ ಸರ್ವೆ’.

ಗಡಿಯ ಅಳತೆಯೇ ಬೇರೆ, ಇದೇ ಬೇರೆ

ಗಡಿಯ ಸರ್ವೆ ಕಾನೂನಿಗೆ ಸಂಬಂಧಿಸಿದ ಪ್ರಶ್ನೆಗೆ ಉತ್ತರ ಕೊಡುತ್ತದೆ: ನಮ್ಮ ಜಾಗ ಎಲ್ಲಿಂದ ಎಲ್ಲಿಯವರೆಗೆ? ಅದಕ್ಕಾಗಿ ಹಳೆಯ ದಾಖಲೆಗಳನ್ನು ನೋಡಿ, ಗಡಿಕಲ್ಲುಗಳನ್ನು ಹುಡುಕಿ, ಅವುಗಳ ನಡುವಿನ ಅಂತರವನ್ನು ತಾಳೆ ನೋಡಲಾಗುತ್ತದೆ. ಟೋಪೊ ಸರ್ವೆ ಆ ಗಡಿಯೊಳಗೆ, ಮತ್ತು ಗಡಿಯಾಚೆ ಸ್ವಲ್ಪ ದೂರದವರೆಗೆ, ನೆಲ ಯಾವ ಆಕಾರದಲ್ಲಿದೆ ಎಂದು ಹೇಳುತ್ತದೆ. ಟೋಪೊ ನಕ್ಷೆಯಲ್ಲಿ ಬೇಲಿಯ ಗೆರೆ ಕಂಡ ಮಾತ್ರಕ್ಕೆ ಅದೇ ಕಾನೂನಿನ ಗಡಿ ಎಂದು ತಿಳಿಯಬಾರದು. ಬೇಲಿ ಈಗ ಎಲ್ಲಿದೆ ಎಂಬುದಷ್ಟೇ ಅಲ್ಲಿ ದಾಖಲಾಗಿರುತ್ತದೆ. ಹಾಗೆಯೇ ನೆಲದಡಿಯ ಮಣ್ಣು ಎಷ್ಟು ಭಾರ ಹೊರಬಲ್ಲದು, ಬಂಡೆ ಎಷ್ಟು ಆಳದಲ್ಲಿದೆ ಎಂಬುದನ್ನು ತಿಳಿಯಲು ಮಣ್ಣಿನ ಪರೀಕ್ಷೆಯೇ ಬೇಕು. ಒಂದು ಸರ್ವೆ ಮಾಡಿಸಿದರೆ ಉಳಿದವು ಬೇಡ ಎಂಬ ತಪ್ಪು ತಿಳಿವಳಿಕೆಯಿಂದ ಬಹಳಷ್ಟು ಜನ ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ, ಆದ್ದರಿಂದ ಇದನ್ನು ಮೊದಲೇ ಹೇಳುವುದು ಒಳ್ಳೆಯದು.

ಎರಡೂ ಅಳತೆಗಳು ಒಂದನ್ನೊಂದು ಮುಟ್ಟುವ ಒಂದು ಸಂಗತಿ ಇದೆ. ದಾಖಲೆಗಳಲ್ಲಿ ನಮೂದಾಗುವ ಉದ್ದ ಮತ್ತು ವಿಸ್ತೀರ್ಣ ಸಾಮಾನ್ಯವಾಗಿ ಸಮತಲಕ್ಕೆ ಇಳಿಸಿದ ಲೆಕ್ಕ, ಅಂದರೆ ಜಾಗವನ್ನು ನೇರ ಮೇಲಿನಿಂದ ನೋಡಿದಾಗ ಕಾಣುವಷ್ಟು. 20 ಡಿಗ್ರಿ ಇಳಿಜಾರಿನ ಮೇಲೆ ಟೇಪನ್ನು ನೆಲಕ್ಕೆ ತಾಗಿಸಿ 30 ಮೀಟರ್ ಅಳೆದರೆ, ನಕ್ಷೆಯ ಮೇಲೆ ಅದು ಸುಮಾರು 28.2 ಮೀಟರ್ ಮಾತ್ರ. ಟೇಪು ಸರಿಯಿದೆ, ಅಳೆದವರೂ ಸರಿಯಿದ್ದಾರೆ, ಆದರೂ ಸುಮಾರು 1.8 ಮೀಟರಿನ ವ್ಯತ್ಯಾಸ ಬರುತ್ತದೆ. ಇಳಿಜಾರಿನ ಜಾಗದಲ್ಲಿ ನಕ್ಷೆ ಹಾಕಿದ ಕೋಣೆಗಳು ನೆಲದ ಮೇಲೆ ಹಿಡಿಸದೆ ಹೋಗುವುದಕ್ಕೆ ಇದೂ ಒಂದು ಕಾರಣ.

ಕಣ್ಣು ಕಾಣದ ಇಳಿಜಾರು

ಮಟ್ಟಸವಾಗಿ ಕಾಣುವ ಜಾಗಕ್ಕೆ ಇದೆಲ್ಲ ಏಕೆ ಎಂದು ಅನ್ನಿಸಬಹುದು. ಎತ್ತರದ ವಿಷಯದಲ್ಲಿ ಮಾತ್ರ ನಮ್ಮ ಕಣ್ಣನ್ನು ನಂಬುವ ಹಾಗಿಲ್ಲ. ಸುತ್ತಲಿನ ರಸ್ತೆ, ಬೇಲಿ, ಪಕ್ಕದ ಕಾಂಪೌಂಡು ಎಲ್ಲವೂ ಒಂದೇ ಕಡೆಗೆ ವಾಲಿದ್ದರೆ ಮನಸ್ಸು ಆ ವಾಲಿಕೆಯನ್ನೇ ಸಮತಲವೆಂದು ಒಪ್ಪಿಕೊಂಡುಬಿಡುತ್ತದೆ. ಐವತ್ತು ಮೀಟರಿಗೆ ಒಂದು ಮೀಟರ್ ಇಳಿಯುವ ನೆಲದ ಮೇಲೆ ನಡೆದಾಡುವಾಗ ಹೆಚ್ಚಿನವರಿಗೆ ಇಳಿದ ಅನುಭವವೇ ಆಗುವುದಿಲ್ಲ. ಆದರೆ ಆ ನೆಲದ ಮೇಲೆ 40 ಮೀಟರ್ ಉದ್ದದ ಕಟ್ಟಡ ಬಂದರೆ ಒಂದು ತುದಿಗೂ ಇನ್ನೊಂದು ತುದಿಗೂ 80 ಸೆಂಟಿಮೀಟರ್ ವ್ಯತ್ಯಾಸ ಬೀಳುತ್ತದೆ. ಒಂದು ತುದಿಯಲ್ಲಿ ಬಾಗಿಲ ಹೊಸ್ತಿಲು ನೆಲಕ್ಕೆ ಸಮವಾಗಿದ್ದರೆ, ಇನ್ನೊಂದು ತುದಿಯಲ್ಲಿ ನಾಲ್ಕೈದು ಮೆಟ್ಟಿಲು ಬೇಕಾಗುತ್ತವೆ, ಇಲ್ಲವೇ ಅಷ್ಟು ಎತ್ತರಕ್ಕೆ ಮಣ್ಣು ತುಂಬಿ ಅದು ಜಾರದಂತೆ ತಡೆಗೋಡೆ ಕಟ್ಟಬೇಕಾಗುತ್ತದೆ.

ನಮಗೆ ಕಾಣದ ಈ ಇಳಿಜಾರನ್ನು ನೀರು ತಪ್ಪದೆ ಗುರುತಿಸುತ್ತದೆ. ಟೋಪೊ ಸರ್ವೆಯ ಬೆಲೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ನೀರಿನ ಲೆಕ್ಕದಲ್ಲೇ, ಹಾಗಾಗಿ ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ಕಟ್ಟಡದ ಬಚ್ಚಲು ನೀರು ಹೊರಬೀಳುವ ಪೈಪಿನ ಒಳತಳ 99.20 ಮೀಟರ್ ಮಟ್ಟದಲ್ಲಿದೆ ಎಂದಿಟ್ಟುಕೊಳ್ಳಿ. ಅಲ್ಲಿಂದ ರಸ್ತೆಯ ಮ್ಯಾನ್‌ಹೋಲಿಗೆ 30 ಮೀಟರ್ ದೂರ. ಪೈಪು ಕಟ್ಟಿಕೊಳ್ಳದೆ ಹರಿಯಬೇಕಾದರೆ ನೂರು ಮೀಟರಿಗೆ ಒಂದು ಮೀಟರ್ ಪ್ರಮಾಣದಲ್ಲಿ ಇಳಿಜಾರು ಕೊಡಬೇಕೆಂದು ಎಂಜಿನಿಯರ್ ತೀರ್ಮಾನಿಸಿದ್ದಾರೆ. ಆಗ 30 ಮೀಟರಿಗೆ 30 ಸೆಂಟಿಮೀಟರ್ ಇಳಿಯಬೇಕು. ಅಂದರೆ ಮ್ಯಾನ್‌ಹೋಲ್ ತಲುಪುವಾಗ ಪೈಪು 98.90 ಮೀಟರ್ ಮಟ್ಟದಲ್ಲಿರಬೇಕು. ಮ್ಯಾನ್‌ಹೋಲಿನ ಒಳಗೆ ನೀರು ಹರಿಯುವ ತಳ 99.10ರಲ್ಲಿದ್ದರೆ ನಮ್ಮ ಪೈಪು ಅದಕ್ಕಿಂತ 20 ಸೆಂಟಿಮೀಟರ್ ಕೆಳಗೆ ಬಂದು ನಿಲ್ಲುತ್ತದೆ, ಕೊಳಚೆ ಹಿಂದಕ್ಕೆ ತಿರುಗುತ್ತದೆ. ಈ ಇಪ್ಪತ್ತು ಸೆಂಟಿಮೀಟರ್ ವಿಚಾರ ನಕ್ಷೆಯ ಹಂತದಲ್ಲೇ ತಿಳಿದಿದ್ದರೆ ಕಟ್ಟಡದ ನೆಲವನ್ನು ಅಷ್ಟು ಎತ್ತರಿಸಿ ಬರೆಯುವುದು ಕೆಲವು ನಿಮಿಷಗಳ ಕೆಲಸ. ನೆಲಹಾಸು ಮುಗಿದ ಮೇಲೆ ತಿಳಿದರೆ ಶಾಶ್ವತವಾಗಿ ಪಂಪು ಇಡುವುದೋ, ಹಾಸು ಒಡೆಯುವುದೋ ಎಂಬ ಎರಡೇ ದಾರಿ ಉಳಿಯುತ್ತವೆ. ಮ್ಯಾನ್‌ಹೋಲಿನ ಮುಚ್ಚಳದ ಮಟ್ಟವೊಂದನ್ನೇ ಅಳೆದು ಬಿಟ್ಟರೆ ಸಾಲದು, ಮುಚ್ಚಳ ತೆಗೆದು ತಳದ ಮಟ್ಟವನ್ನೂ ಅಳೆಯಬೇಕು. ‘ಇನ್ವರ್ಟ್ ಲೆವೆಲ್’ ಎಂದು ನಕ್ಷೆಯಲ್ಲಿ ಬರೆದಿರುವುದು ಇದನ್ನೇ.

ಎತ್ತರವನ್ನು ಯಾವುದರಿಂದ ಎಣಿಸುವುದು?

ಮೇಲಿನ 99.20 ಎಂಬ ಅಂಕಿ ಎಲ್ಲಿಂದ ಬಂತು? ಎತ್ತರಕ್ಕೆ ತನ್ನಷ್ಟಕ್ಕೆ ಅರ್ಥವಿಲ್ಲ. ಯಾವುದೋ ಒಂದು ಮಟ್ಟಕ್ಕೆ ಹೋಲಿಸಿದಾಗಲೇ ಅದಕ್ಕೆ ಅರ್ಥ ಬರುತ್ತದೆ. ಆ ಹೋಲಿಕೆಯ ಮಟ್ಟಕ್ಕೆ ‘ಡೇಟಮ್’ ಎಂದು ಹೆಸರು. ದೇಶಗಳ ನಕ್ಷೆಗಳಲ್ಲಿ ಸಾಮಾನ್ಯವಾಗಿ ಸಮುದ್ರದ ಸರಾಸರಿ ಮಟ್ಟವೇ ಸೊನ್ನೆ. ಅಲ್ಲಿಂದ ಅಳೆಯುತ್ತ ಬಂದು ಒಳನಾಡಿನಲ್ಲಿ ಅಲ್ಲಲ್ಲಿ ಎತ್ತರ ನಿಶ್ಚಯಿಸಿದ ಶಾಶ್ವತ ಗುರುತುಗಳನ್ನು ಸ್ಥಾಪಿಸಿರುತ್ತಾರೆ. ಅವೇ ಬೆಂಚ್ ಮಾರ್ಕುಗಳು. ಸಣ್ಣ ಜಾಗವಾದರೆ ಸಮುದ್ರದವರೆಗೆ ಹೋಗದೆ, ಅಲುಗದ ಒಂದು ಬಂಡೆಗೋ ಹಳೆಯ ಕಟ್ಟಡದ ಮೆಟ್ಟಿಲಿಗೋ ಬಣ್ಣದ ಗುರುತು ಹಾಕಿ, ಅದರ ಮಟ್ಟ 100.000 ಮೀಟರ್ ಎಂದು ಇಟ್ಟುಕೊಂಡು ಉಳಿದುದನ್ನೆಲ್ಲ ಅದಕ್ಕೆ ಹೋಲಿಸುವುದೂ ಇದೆ. ಸೊನ್ನೆಯ ಬದಲು ನೂರು ಎಂದಿಡುವುದು ತಗ್ಗಿನ ಬಿಂದುಗಳಿಗೆ ಋಣ ಸಂಖ್ಯೆ ಬಂದು ಗೊಂದಲವಾಗದಿರಲಿ ಎಂಬ ಕಾರಣಕ್ಕೆ.

ಹೋಲಿಕೆಯ ಮಟ್ಟ ಬೆರೆತುಹೋದರೆ ಏನಾಗುತ್ತದೆ ಎಂಬುದಕ್ಕೆ ರೈನ್ ನದಿಯ ಮೇಲೆ ಜರ್ಮನಿ ಮತ್ತು ಸ್ವಿಟ್ಜರ್ಲೆಂಡ್‌ಗಳ ನಡುವಿನ ಲಾಫೆನ್‌ಬುರ್ಗ್ ಸೇತುವೆ ಪ್ರಸಿದ್ಧ ನಿದರ್ಶನ. ಜರ್ಮನಿಯ ಎತ್ತರಗಳು ಉತ್ತರ ಸಮುದ್ರವನ್ನೂ ಸ್ವಿಟ್ಜರ್ಲೆಂಡಿನವು ಮೆಡಿಟರೇನಿಯನ್ ಸಮುದ್ರವನ್ನೂ ಆಧರಿಸಿವೆ. ಎರಡರ ನಡುವೆ ಅಲ್ಲಿ 27 ಸೆಂಟಿಮೀಟರ್ ವ್ಯತ್ಯಾಸವಿದೆ. ಎಂಜಿನಿಯರುಗಳಿಗೆ ಇದು ಗೊತ್ತಿತ್ತು. ಆದರೆ ತಿದ್ದುವಾಗ ಕೂಡಬೇಕಾದಲ್ಲಿ ಕಳೆಯುವಂಥ ಚಿಹ್ನೆಯ ತಪ್ಪಾಗಿ, ವ್ಯತ್ಯಾಸ ಅಳಿಯುವ ಬದಲು ಇಮ್ಮಡಿಯಾಯಿತು. ಎರಡು ದಡಗಳಿಂದ ಬಂದ ಕೆಲಸ 54 ಸೆಂಟಿಮೀಟರ್ ಹೊಂದದಿರುವುದು 2003ರಲ್ಲಿ ಬೆಳಕಿಗೆ ಬಂತು. ಆದ್ದರಿಂದ ಟೋಪೊ ನಕ್ಷೆ ಕೈಗೆ ಬಂದ ಕೂಡಲೇ ಅದರಲ್ಲಿ ಬೆಂಚ್ ಮಾರ್ಕ್ ಎಲ್ಲಿದೆ, ಅದರ ಮಟ್ಟ ಎಷ್ಟು, ಅದು ಯಾವ ಡೇಟಮ್‌ಗೆ ಸೇರಿದ್ದು ಎಂದು ಬರೆದಿದೆಯೇ ನೋಡಬೇಕು. ರಸ್ತೆಯ ಮಟ್ಟ ಒಬ್ಬರ ನಕ್ಷೆಯಿಂದ, ಜಾಗದ ಮಟ್ಟ ಇನ್ನೊಬ್ಬರ ನಕ್ಷೆಯಿಂದ ತೆಗೆದುಕೊಳ್ಳುವಾಗಲಂತೂ ಈ ಎಚ್ಚರಿಕೆ ತೀರ ಅಗತ್ಯ.

ಅಳೆಯುವ ಬಗೆ

ಗಾರೆ ಕೆಲಸದವರು ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡು ಗೋಡೆಗಳಿಗೆ ಒಂದೇ ಮಟ್ಟದ ಗುರುತು ಹಾಕುವುದನ್ನು ನೋಡಿದವರಿಗೆ ಎತ್ತರ ಅಳೆಯುವ ಮೂಲತತ್ತ್ವ ಆಗಲೇ ಗೊತ್ತಿದೆ. ಪೈಪಿನ ಎರಡೂ ತುದಿಗಳಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಆ ಗೆರೆಯಿಂದ ನೆಲ ಎಷ್ಟು ಕೆಳಗಿದೆ ಎಂದು ಎರಡೂ ಕಡೆ ಅಳೆದರೆ ವ್ಯತ್ಯಾಸ ಸಿಗುತ್ತದೆ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂರಿಸುವ ಆಟೋ ಲೆವೆಲ್ ಎಂಬ ದುರ್ಬೀನು ನೀರಿನ ಗೆರೆಯ ಬದಲು ನೋಟದ ಗೆರೆಯನ್ನು ಸಮತಲವಾಗಿ ಹಿಡಿದಿಡುತ್ತದೆ. 100.000 ಎಂದು ಇಟ್ಟುಕೊಂಡ ಬೆಂಚ್ ಮಾರ್ಕಿನ ಮೇಲೆ ನಿಲ್ಲಿಸಿದ ಅಳತೆಕೋಲು 1.450 ತೋರಿಸಿದರೆ ನೋಟದ ಗೆರೆ 101.450 ಮೀಟರಿನಲ್ಲಿದೆ ಎಂದಾಯಿತು. ಅದೇ ಕೋಲನ್ನು ಜಾಗದ ಮೂಲೆಯಲ್ಲಿ ನಿಲ್ಲಿಸಿದಾಗ 2.300 ಕಂಡರೆ ಆ ಮೂಲೆಯ ಮಟ್ಟ 99.150. ಕೋಲಿನ ಅಂಕಿ ದೊಡ್ಡದಾದಷ್ಟೂ ನೆಲ ತಗ್ಗು.

ಈಗ ಹೆಚ್ಚಾಗಿ ಬಳಕೆಯಲ್ಲಿರುವ ಟೋಟಲ್ ಸ್ಟೇಷನ್ ಕೋನವನ್ನೂ ದೂರವನ್ನೂ ಒಟ್ಟಿಗೆ ಅಳೆಯುತ್ತದೆ. ಅದು ಬಿಟ್ಟ ಬೆಳಕಿನ ಕಿರಣ ಸಹಾಯಕರು ಹಿಡಿದ ಕಂಬದ ಮೇಲಿನ ಪ್ರಿಸಂ ಎಂಬ ಗಾಜಿಗೆ ಬಡಿದು ಮರಳುತ್ತದೆ. ಮರಳಿದ ಬೆಳಕಿನಿಂದ ದೂರವನ್ನು, ದುರ್ಬೀನು ತಿರುಗಿದ ಅಡ್ಡ ಮತ್ತು ಲಂಬ ಕೋನಗಳಿಂದ ದಿಕ್ಕನ್ನು ಲೆಕ್ಕ ಹಾಕಿ ಆ ಬಿಂದುವಿನ ಸ್ಥಾನ ಮತ್ತು ಎತ್ತರ ಎರಡನ್ನೂ ಉಪಕರಣವೇ ದಾಖಲಿಸಿಕೊಳ್ಳುತ್ತದೆ. ಪ್ರಿಸಂ ಹಿಡಿದವರು ಕಂಬವನ್ನು ವಾಲಿಸಿದರೆ, ಅಥವಾ ಅದರ ಉದ್ದವನ್ನು ಬದಲಿಸಿ ಹೇಳಲು ಮರೆತರೆ, ಎಷ್ಟೇ ಒಳ್ಳೆಯ ಉಪಕರಣವಾದರೂ ತಪ್ಪು ಅಂಕಿಯನ್ನೇ ಕೊಡುತ್ತದೆ.

ತೆರೆದ ಬಯಲಿನಲ್ಲಿ ಉಪಗ್ರಹಗಳ ಸಂಕೇತ ಹಿಡಿಯುವ ಜಿಎನ್‌ಎಸ್‌ಎಸ್ ರಿಸೀವರುಗಳು ಬೇಗ ಕೆಲಸ ಮುಗಿಸುತ್ತವೆ. ಮೊಬೈಲ್ ಫೋನಿನ ಸ್ಥಾನ ಸೂಚಕ ಕೆಲವು ಮೀಟರ್ ಆಚೀಚೆ ತೋರಿಸಿದರೆ, ಗೊತ್ತಿರುವ ಸ್ಥಾನದಲ್ಲಿ ನಿಲ್ಲಿಸಿದ ಇನ್ನೊಂದು ರಿಸೀವರಿನಿಂದ ತಿದ್ದುಪಡಿ ಪಡೆಯುವ ಈ ಉಪಕರಣಗಳು ಒಂದೆರಡು ಸೆಂಟಿಮೀಟರಿನ ನಿಖರತೆ ಕೊಡಬಲ್ಲವು. ಎತ್ತರದಲ್ಲಿ ಮಾತ್ರ ಅವುಗಳ ನಿಖರತೆ ಸ್ವಲ್ಪ ಕಡಿಮೆ. ಅಷ್ಟಲ್ಲದೆ ಉಪಗ್ರಹಗಳು ಎತ್ತರವನ್ನು ಎಣಿಸುವುದು ಭೂಮಿಗೆ ಹೊಂದಿಸಿದ ಒಂದು ನಯವಾದ ಗಣಿತದ ಮೇಲ್ಮೈಯಿಂದ. ನಿಜವಾದ ಸಮುದ್ರ ಮಟ್ಟ ಗುರುತ್ವಾಕರ್ಷಣೆಯ ಏರುಪೇರಿನಿಂದಾಗಿ ಆ ಮೇಲ್ಮೈಗಿಂತ ಕೆಲವೆಡೆ ಮೇಲೆ, ಕೆಲವೆಡೆ ಕೆಳಗೆ ಇರುತ್ತದೆ. ಭಾರತದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಅದು ಸುಮಾರು 106 ಮೀಟರ್ ಕೆಳಗಿದೆ. ಈ ವ್ಯತ್ಯಾಸವನ್ನು ತಿದ್ದದೆ ಉಪಗ್ರಹದ ಎತ್ತರವನ್ನು ನೇರವಾಗಿ ನಕ್ಷೆಗೆ ಇಳಿಸುವಂತಿಲ್ಲ. ಮರಗಳ ಕೆಳಗೆ, ಎತ್ತರದ ಕಟ್ಟಡಗಳ ಪಕ್ಕದಲ್ಲಿ ಸಂಕೇತ ಸರಿಯಾಗಿ ಸಿಗದ ಕಾರಣ ಅಲ್ಲಿ ಮತ್ತೆ ಟೋಟಲ್ ಸ್ಟೇಷನ್ನೇ ಬೇಕು.

ಡ್ರೋನ್ ದೊಡ್ಡ ಜಾಗಗಳಿಗೆ ಅನುಕೂಲ. ಒಂದರ ಮೇಲೊಂದು ಹಾಯುವಂತೆ ತೆಗೆದ ನೂರಾರು ಚಿತ್ರಗಳಿಂದ, ನಮ್ಮ ಎರಡು ಕಣ್ಣುಗಳು ಆಳವನ್ನು ಗ್ರಹಿಸುವ ರೀತಿಯಲ್ಲೇ, ನೆಲದ ಆಕಾರವನ್ನು ಕಂಪ್ಯೂಟರ್ ಕಟ್ಟಿಕೊಡುತ್ತದೆ. ಆದರೆ ಕ್ಯಾಮೆರಾಗೆ ಕಾಣುವುದು ಹುಲ್ಲಿನ ನೆತ್ತಿ, ಪೊದೆಯ ನೆತ್ತಿ. ಅದರಡಿಯ ಮಣ್ಣು ಕಾಣುವುದಿಲ್ಲ. ಎಲೆಗಳ ಸಂದಿನಿಂದ ಕೆಲವು ಲೇಸರ್ ಕಿರಣಗಳನ್ನಾದರೂ ನೆಲ ಮುಟ್ಟಿಸುವ ಲೈಡಾರ್ ಇದಕ್ಕೆ ತಕ್ಕಮಟ್ಟಿನ ಪರಿಹಾರ. ಯಾವ ವಿಧಾನವಾದರೂ ನೆಲದ ಮೇಲೆ ಗುರುತು ಹಾಕಿ ಬೇರೆಯಾಗಿ ಅಳೆದ ಕೆಲವು ಬಿಂದುಗಳೊಂದಿಗೆ ತಾಳೆ ನೋಡದಿದ್ದರೆ, ನೋಡಲು ಸುಂದರವಾದ ಆ ಚಿತ್ರವನ್ನು ನಂಬಿ ಬುನಾದಿ ತೆಗೆಯುವುದು ಸರಿಯಲ್ಲ.

ಎಲ್ಲಿ ಅಳೆಯಬೇಕು ಎಂಬ ಜಾಣ್ಮೆ

ಜಾಗದ ಪ್ರತಿ ಚುಕ್ಕೆಯನ್ನೂ ಅಳೆಯಲು ಸಾಧ್ಯವಿಲ್ಲ. ಐದೋ ಹತ್ತೋ ಮೀಟರಿಗೊಂದರಂತೆ ಚೌಕಳಿ ಹಾಕಿ ಬಿಂದುಗಳನ್ನು ಅಳೆದು, ನಡುವಿನ ನೆಲ ಒಂದು ಬಿಂದುವಿನಿಂದ ಇನ್ನೊಂದಕ್ಕೆ ಸಮನಾಗಿ ಇಳಿಯುತ್ತದೆ ಎಂದು ಕಂಪ್ಯೂಟರ್ ಊಹಿಸುತ್ತದೆ. ಊಹೆ ತಪ್ಪುವುದು ನೆಲ ಥಟ್ಟನೆ ಮುರಿಯುವ ಕಡೆ: ದಿಣ್ಣೆಯ ಅಂಚು, ಹಳ್ಳದ ದಡ, ತಡೆಗೋಡೆಯ ತಲೆ ಮತ್ತು ಬುಡ, ರಸ್ತೆಯ ಅಂಚು. ಎರಡು ಮೀಟರ್ ಎತ್ತರದ ಗೋಡೆಯ ಈಚೆಗೊಂದು ಆಚೆಗೊಂದು ಬಿಂದುವನ್ನಷ್ಟೇ ಅಳೆದರೆ, ಕಡಿದಾದ ಗೋಡೆ ನಕ್ಷೆಯಲ್ಲಿ ನಯವಾದ ಇಳಿಜಾರಾಗಿಬಿಡುತ್ತದೆ. ನುರಿತ ಸರ್ವೆಯರ್ ಇಂಥ ಮುರಿವಿನ ಗೆರೆಗಳನ್ನು ಹುಡುಕಿ ಅವುಗಳುದ್ದಕ್ಕೂ ಅಳೆಯುತ್ತಾರೆ. ಜಾಗವನ್ನು ಮೊದಲು ಒಮ್ಮೆ ಸುತ್ತಾಡಿ ನೋಡಿ ಅನಂತರ ಉಪಕರಣ ತೆರೆಯುವವರ ಕೆಲಸದ ಮೇಲೆ ನನಗೆ ಹೆಚ್ಚು ವಿಶ್ವಾಸ.

ನೆಲದ ಜೊತೆಗೆ ಮರಗಳ ಸ್ಥಾನ, ಕಾಂಡದ ದಪ್ಪ, ಕೊಂಬೆಗಳ ಹರವು, ಬುಡದ ಮಟ್ಟ. ಬಾವಿ, ವಿದ್ಯುತ್ ಕಂಬ, ತಂತಿಗಳ ಎತ್ತರ. ಪಕ್ಕದ ಕಟ್ಟಡದ ನೆಲದ ಮಟ್ಟ ಇವೂ ನಕ್ಷೆಗೆ ಬರುತ್ತವೆ. ಗಡಿಯಾಚೆಯ ಕೆಲವು ಮೀಟರ್ ಅಳೆಯುವುದನ್ನು ಬಿಡಬಾರದು, ಏಕೆಂದರೆ ಮೇಲಿನ ಜಾಗದ ನೀರು ನಮ್ಮ ಜಾಗದ ಮೇಲೆಯೇ ಹಾದು ಹೋಗುತ್ತಿರಬಹುದು. ನೆಲದಡಿಯ ಪೈಪು ಮತ್ತು ಕೇಬಲುಗಳು ಸಾಮಾನ್ಯ ಟೋಪೊ ಸರ್ವೆಯಲ್ಲಿ ಕಾಣುವುದಿಲ್ಲ. ಅವುಗಳಿಗೆ ರೇಡಿಯೊ ಅಲೆಗಳನ್ನು ನೆಲಕ್ಕೆ ಬಿಟ್ಟು ಪ್ರತಿಫಲನ ಗ್ರಹಿಸುವಂಥ ಪ್ರತ್ಯೇಕ ಉಪಕರಣಗಳಿವೆ, ಅದನ್ನು ಬೇರೆಯಾಗಿಯೇ ಕೇಳಿ ಮಾಡಿಸಬೇಕು.

ನಕ್ಷೆಯ ಬಾಗು ಗೆರೆಗಳನ್ನು ಓದುವುದು

ಟೋಪೊ ನಕ್ಷೆಯನ್ನು ಮೊದಲ ಬಾರಿ ನೋಡುವವರನ್ನು ತಬ್ಬಿಬ್ಬು ಮಾಡುವುದು ಅದರ ತುಂಬ ಹರಡಿರುವ ಬಾಗು ಗೆರೆಗಳು. ಇವೇ ಕಾಂಟೂರ್‌ಗಳು, ಕನ್ನಡದಲ್ಲಿ ಸಮೋನ್ನತಿ ರೇಖೆಗಳು. ಕೆರೆ ಬತ್ತುತ್ತ ಹೋದಂತೆ ದಡದ ಸುತ್ತ ನೀರು ನಿಂತಿದ್ದ ಗುರುತುಗಳು ಒಂದರ ಕೆಳಗೊಂದು ಉಳಿಯುತ್ತವಲ್ಲ, ಅವು ನಿಸರ್ಗವೇ ಎಳೆದ ಕಾಂಟೂರ್‌ಗಳು: ಒಂದು ಗೆರೆಯ ಉದ್ದಕ್ಕೂ ನೆಲ ಒಂದೇ ಎತ್ತರದಲ್ಲಿರುತ್ತದೆ. 1774ರಲ್ಲಿ ಸ್ಕಾಟ್ಲೆಂಡಿನ ಶೀಹಾಲಿಯನ್ ಬೆಟ್ಟದ ಸೆಳೆತದಿಂದ ಭೂಮಿಯ ಸಾಂದ್ರತೆ ಕಂಡುಹಿಡಿಯುವ ಪ್ರಯೋಗ ನಡೆದಾಗ, ಬೆಟ್ಟದ ಗಾತ್ರವನ್ನು ಲೆಕ್ಕ ಹಾಕುವ ಹೊಣೆ ಗಣಿತಜ್ಞ ಚಾರ್ಲ್ಸ್ ಹಟನ್ ಅವರದಾಗಿತ್ತು. ಅಂಕಿಗಳ ರಾಶಿಯಲ್ಲಿ ಬೆಟ್ಟದ ಆಕಾರ ಹೊಳೆಯದಿದ್ದಾಗ, ಸಮಾನ ಎತ್ತರದ ಬಿಂದುಗಳನ್ನು ಗೆರೆಯಿಂದ ಸೇರಿಸಿದರೆ ಆಕಾರ ಕಣ್ಣಿಗೆ ಕಟ್ಟುತ್ತದೆ ಎಂಬುದನ್ನು ಅವರು ಕಂಡುಕೊಂಡರು. ನೀರಿನ ಆಳ ತೋರಿಸಲು ಇಂಥ ಗೆರೆಗಳ ಬಳಕೆ ಅದಕ್ಕೂ ಹಿಂದೆಯೇ ಇತ್ತು.

ಓದುವ ನಿಯಮಗಳು ಕಷ್ಟವೇನಲ್ಲ. ಗೆರೆಗಳು ಒತ್ತಾಗಿದ್ದರೆ ನೆಲ ಕಡಿದು, ದೂರದೂರವಿದ್ದರೆ ಸಮತಟ್ಟು. ಹಳ್ಳವನ್ನು ದಾಟುವಾಗ ಗೆರೆ ಮೊನೆಯಾಗಿ ಬಾಗುತ್ತದೆ, ಮೊನೆ ಎತ್ತರದ ಕಡೆಗೆ ಮುಖ ಮಾಡಿರುತ್ತದೆ. ಏಣಿನ ಮೇಲೆ ಹಾಯುವಾಗ ತಗ್ಗಿನ ಕಡೆಗೆ. ನೀರು ಯಾವಾಗಲೂ ಗೆರೆಗೆ ಅಡ್ಡಲಾಗಿ, ಲಂಬಕೋನದಲ್ಲಿ ಇಳಿಯುತ್ತದೆ, ಆದ್ದರಿಂದ ನಕ್ಷೆಯ ಮೇಲೆ ಪೆನ್ಸಿಲಿನಿಂದ ಮಳೆನೀರಿನ ದಾರಿಯನ್ನು ಯಾರು ಬೇಕಾದರೂ ಎಳೆದು ನೋಡಬಹುದು. ಎರಡು ಗೆರೆಗಳ ನಡುವಿನ ಎತ್ತರದ ಅಂತರ ಎಷ್ಟೆಂದು ನಕ್ಷೆಯ ಮೂಲೆಯಲ್ಲಿ ಬರೆದಿರುತ್ತದೆ. ಕಟ್ಟಡದ ಕೆಲಸಕ್ಕೆ ಅದು ಅರ್ಧ ಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಉಪಯೋಗ ಹೆಚ್ಚು.

ಮಣ್ಣಿನ ಲೆಕ್ಕ ಮತ್ತು ಮರಳಿ ಸಿಗದ ನೆಲ

ಜಾಗವನ್ನು ಮಟ್ಟ ಮಾಡುವಾಗ ಎತ್ತರದ ಕಡೆ ಕಡಿದ ಮಣ್ಣನ್ನು ತಗ್ಗಿಗೆ ತುಂಬುತ್ತಾರೆ. ಕಡಿದದ್ದೂ ತುಂಬಬೇಕಾದದ್ದೂ ಸಮವಾಗುವಂತೆ ಮಟ್ಟ ಆರಿಸಿದರೆ ಹೊರಗಿನಿಂದ ಮಣ್ಣು ತರಿಸುವ ಅಥವಾ ಹೊರಗೆ ಸಾಗಿಸುವ ಖರ್ಚು ಉಳಿಯುತ್ತದೆ. ಈ ಲೆಕ್ಕದಲ್ಲಿ ಸಣ್ಣ ತಪ್ಪು ಬೇಗ ಬೆಳೆಯುತ್ತದೆ: 1000 ಚದರ ಮೀಟರ್ ಜಾಗದಲ್ಲಿ ಮಟ್ಟ ಬರೀ 10 ಸೆಂಟಿಮೀಟರ್ ತಪ್ಪಿದರೆ 100 ಘನ ಮೀಟರ್ ಮಣ್ಣಿನ ವ್ಯತ್ಯಾಸ. ಅಗೆದ ಮಣ್ಣು ಸಡಿಲವಾಗಿ ಉಬ್ಬುವುದರಿಂದ ಆ ನೂರು ಘನ ಮೀಟರ್ ಲಾರಿಗೆ ಏರುವಾಗ ಸುಮಾರು 120ರಿಂದ 130 ಆಗುತ್ತದೆ. ಹಾಗೆಯೇ ತುಂಬಿ ದಮ್ಮಸ್ಸು ಮಾಡಿದಾಗ ಮತ್ತೆ ಕುಗ್ಗುತ್ತದೆ. ಗುತ್ತಿಗೆದಾರರಿಗೆ ಹಣ ಕೊಡುವುದು ನೆಲದಲ್ಲಿದ್ದ ಗಾತ್ರಕ್ಕೋ ಲಾರಿಯ ಗಾತ್ರಕ್ಕೋ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕಾದದ್ದು ಇದೇ ಕಾರಣಕ್ಕೆ.

ಈ ಸರ್ವೆ ಕೆಲಸಕ್ಕೆ ಮುಂಚೆಯೇ ಆಗಬೇಕೆಂದು ಒತ್ತಿ ಹೇಳುವುದೂ ಇದರಿಂದಲೇ. ಅಗೆದು ತೆಗೆದ ಮಣ್ಣಿನ ಗಾತ್ರ ಎಂದರೆ ಮೊದಲಿದ್ದ ನೆಲಕ್ಕೂ ಈಗಿರುವ ನೆಲಕ್ಕೂ ಇರುವ ವ್ಯತ್ಯಾಸ. ಈಗಿನ ನೆಲವನ್ನು ಯಾವಾಗ ಬೇಕಾದರೂ ಅಳೆಯಬಹುದು, ಮೊದಲಿದ್ದ ನೆಲವನ್ನು ಒಮ್ಮೆ ಕೆದಕಿದ ಮೇಲೆ ಯಾರೂ ಅಳೆಯಲಾರರು. ಯಂತ್ರ ಬಂದು ಒಂದು ದಿನ ಪೊದೆ ಸವರಿ ನೆಲ ಕೆರೆದು ಹೋದರೂ ಸಾಕು, ಮಣ್ಣಿನ ಬಿಲ್ಲು ಸರಿಯೇ, ನೀರಿನ ಹಳೆಯ ಹರಿವನ್ನು ಯಾರು ಮುಚ್ಚಿದರು ಎಂಬ ಪ್ರಶ್ನೆಗಳಿಗೆ ಸಾಕ್ಷಿ ಇಲ್ಲದಂತಾಗುತ್ತದೆ. ಹಾಗೆಯೇ ಕೆಲವು ವರ್ಷಗಳ ಹಿಂದೆ ಮಾಡಿಸಿದ ನಕ್ಷೆಯಿದ್ದು, ಈ ನಡುವೆ ರಸ್ತೆಗೆ ಹೊಸ ಡಾಂಬರು ಬಿದ್ದಿದ್ದರೆ, ಪಕ್ಕದವರು ಮಣ್ಣು ಏರಿಸಿದ್ದರೆ, ಆ ಭಾಗವನ್ನಾದರೂ ಮತ್ತೆ ಅಳೆಸಬೇಕು.

ಸರ್ವೆಯರಿಗೆ ಕೆಲಸ ಒಪ್ಪಿಸುವಾಗ

ಮೊದಲು ಹೇಳಬೇಕಾದದ್ದು ಅಲ್ಲಿ ಏನು ಕಟ್ಟುವ ಯೋಚನೆಯಿದೆ ಎಂಬುದು. ಬಿಂದುಗಳ ಅಂತರ, ಕಾಂಟೂರ್ ಅಂತರ, ನಕ್ಷೆಯ ಸ್ಕೇಲು ಎಲ್ಲವೂ ಅದರ ಮೇಲೆ ನಿರ್ಧಾರವಾಗುತ್ತವೆ. ಒಂದು ಮನೆಯ ಜಾಗಕ್ಕೆ 1:200 ಸ್ಕೇಲು ಹೊಂದಿದರೆ, ದೊಡ್ಡ ಬಡಾವಣೆಗೆ 1:500 ಅಥವಾ 1:1000 ಸಾಕಾಗಬಹುದು. ಮುದ್ರಿತ ನಕ್ಷೆಯ ಜೊತೆಗೆ ವಿನ್ಯಾಸಕಾರರು ನೇರವಾಗಿ ಬಳಸಬಹುದಾದ ಕಂಪ್ಯೂಟರ್ ಕಡತವನ್ನೂ, ಅಳೆದ ಬಿಂದುಗಳ ಪಟ್ಟಿಯನ್ನೂ ಕೇಳಿ ಪಡೆಯಬೇಕು. ಅಳತೆ ಹೊರಟ ಬೆಂಚ್ ಮಾರ್ಕಿಗೇ ಮರಳಿ ಬಂದು ಮುಗಿಸಿದಾಗ ಎಷ್ಟು ವ್ಯತ್ಯಾಸ ಬಂತು ಎಂದು ಕೇಳುವುದೂ ಉಚಿತ. ಹೊರಟಾಗ 100.000 ಇದ್ದ ಗುರುತು ಮರಳಿ ಬಂದಾಗ 100.004 ಎಂದು ಬಂದರೆ ಆ ನಾಲ್ಕು ಮಿಲಿಮೀಟರ್ ಸಹಜವಾದ ಅಳತೆಯ ದೋಷ. ಹತ್ತು ಸೆಂಟಿಮೀಟರ್ ಬಂದಿದ್ದರೆ ಎಲ್ಲೋ ಕೋಲು ತಪ್ಪಾಗಿ ಓದಲ್ಪಟ್ಟಿದೆ, ಮತ್ತೆ ಅಳೆಯಲೇಬೇಕು. ವಿವರವನ್ನು ಬಚ್ಚಿಡದೆ ತೋರಿಸುವ ಸರ್ವೆಯರ್ ತಮ್ಮ ಕೆಲಸ ಬಲ್ಲವರು.

ಕೊನೆಗೆ ಬೆಂಚ್ ಮಾರ್ಕಿನ ರಕ್ಷಣೆ. ಬುನಾದಿಯ ಆಳದಿಂದ ಹಿಡಿದು ಚಾವಣಿಯ ನೀರಿನ ಇಳಿಜಾರಿನವರೆಗೆ ಮುಂದಿನ ಅಳತೆಗಳೆಲ್ಲ ಅದೇ ಗುರುತಿನಿಂದ ಹೊರಡುತ್ತವೆ. ಲಾರಿಗಳು ತಿರುಗುವ, ಇಟ್ಟಿಗೆ ಇಳಿಸುವ ಜಾಗದಿಂದ ದೂರದಲ್ಲಿ, ಕಾಂಕ್ರೀಟಿನಲ್ಲಿ ನೆಟ್ಟು, ಸುತ್ತ ನಾಲ್ಕು ಗೂಟ ಹೊಡೆದು ಬಣ್ಣ ಬಳಿದಿಡಬೇಕು. ಅದು ಏಟು ತಿಂದರೂ ಮಟ್ಟವನ್ನು ಮರಳಿ ಪಡೆಯಲು ಬರುವಂತೆ ಇನ್ನೊಂದು ಬದಿಯಲ್ಲಿ ಎರಡನೆಯದೊಂದನ್ನು ಸ್ಥಾಪಿಸಿ, ಎರಡರ ಮಟ್ಟವನ್ನೂ ನಕ್ಷೆಯ ಮೇಲೆಯೇ ಬರೆಸಿಕೊಳ್ಳಬೇಕು.